ಕರು ಏಳುವ ಬಗೆ

ದಸರಾ ರಜೆಗೆ ಅಕ್ಕನ ಮಗಳು ಊರಿಗೆ ಬಂದಿದ್ದಳು. ಮೊದಲನೇ ಪಿಯುಸಿ ಓದುವ ಹುಡುಗಿ. ಬಟ್ಟೆಬರೆಗಿಂತ ಜೋಪಾನವಾಗಿ ಅವಳು ಹೊತ್ತು ತಂದಿದ್ದು ಒಂದು ಲ್ಯಾಪ್‌ಟಾಪು ಮತ್ತು ಚಿತ್ರ ಬರೆಯುವ ಪುಟ್ಟ ಟ್ಯಾಬ್ಲೆಟ್ಟು. ರಾತ್ರಿ ಊಟವಾಗಿ ಜಗುಲಿಯ ಮೇಲೆ ಕೂತಿದ್ದಾಗ ಪಕ್ಕಕ್ಕೆ ಬಂದು, "ಮಾವ, ಇದನ್ನೊಂದು ಸ್ವಲ್ಪ ನೋಡಿ, ನಾನೇ ಮಾಡಿದ್ದು" ಅಂದಳು.

ಪರದೆಯ ಮೇಲೆ ಒಂದು ಬಿಳಿ ಕರು. ಹಣೆಯಲ್ಲಿ ಕಂದು ಮಚ್ಚೆ, ಕೊರಳಲ್ಲಿ ಗೆಜ್ಜೆ, ಅರ್ಧ ಮುಖ ತುಂಬುವಷ್ಟು ದೊಡ್ಡ ಕಣ್ಣು. ಮಲಗಿದ್ದ ಕರು ತಲೆ ಎತ್ತಿತು, ಎದ್ದು ನಿಂತಿತು, ನಾಲ್ಕು ಹೆಜ್ಜೆ ನಡೆಯಿತು. ಅಷ್ಟೇ. ಮತ್ತೆ ಮೊದಲಿನಿಂದ ಶುರುವಾಯಿತು.

"ಹೇಗಿದೆ ಮಾವ?"

"ತುಂಬಾ ಚೆನ್ನಾಗಿದೆ ಕಣಮ್ಮ" ಅಂದೆ. ಮನಸಾರೆ ಅಂದೆ. ಆದರೂ ಅವಳ ಮುಖ ಅರಳಲಿಲ್ಲ. "ಎಲ್ಲರೂ ಇದನ್ನೇ ಅಂತಾರೆ ಮಾವ. ಆದರೆ ಏನೋ ಸರಿಯಿಲ್ಲ. ಅದೇನು ಅಂತ ನನಗೆ ತಿಳೀತಿಲ್ಲ" ಅಂದಳು.

ಆ ಮಾತು ನನ್ನನ್ನು ಬಿಡಲಿಲ್ಲ. ಯೋಚನೆ ಮಾಡಿ ನೋಡಿ, 'ಹೇಗಿದೆ?' ಅನ್ನುವ ಪ್ರಶ್ನೆಯನ್ನು ನಾವು ದಿನಕ್ಕೆ ಹತ್ತು ಸಲ ಕೇಳುತ್ತೇವೆ, ಹತ್ತು ಸಲ ಉತ್ತರಿಸುತ್ತೇವೆ. ಸಾರು ಹೇಗಿದೆ ಅಂತ ಕೇಳಿದರೆ ನಮ್ಮ ಜನ ಎಷ್ಟು ಕರಾರುವಾಕ್ಕಾಗಿ ಹೇಳುತ್ತಾರೆ! ಉಪ್ಪು ಒಂದು ಕಲ್ಲು ಮುಂದು, ಹುಳಿ ಇನ್ನೂ ಚೂರು ಬೇಕಿತ್ತು, ಒಗ್ಗರಣೆ ಸೀದಿದೆ, ಬೇಳೆ ಬೆಂದಿಲ್ಲ. ಅಡುಗೆ ಮಾಡಿದವರಿಗೆ ನಾಳೆ ಏನು ಮಾಡಬೇಕು ಅನ್ನುವುದು ಆ ಒಂದೇ ಮಾತಿನಲ್ಲಿ ಸಿಕ್ಕಿಬಿಡುತ್ತದೆ. ಅದೇ ಮನೆಯ ಮಗು ಬರೆದ ಚಿತ್ರ ತೋರಿಸಿದರೆ ನಮ್ಮ ಮಾತೆಲ್ಲ 'ಚೆನ್ನಾಗಿದೆ'ಯಲ್ಲಿ ಮುಗಿಯುತ್ತದೆ. ನಾಲಿಗೆಗೆ ಇರುವ ಮಾತು ಕಣ್ಣಿಗೆ ಯಾಕೆ ಇಲ್ಲ? ಚಿತ್ರದ ಬಗ್ಗೆ ಮಾತಾಡಲು ಚಿತ್ರಕಲೆ ಓದಿರಬೇಕು ಅಂತ ನಾವು ನಂಬಿಬಿಟ್ಟಿದ್ದೇವೆ. ಸಾರಿನ ಬಗ್ಗೆ ಮಾತಾಡಲು ಯಾರೂ ಪಾಕಶಾಸ್ತ್ರ ಓದಲಿಲ್ಲ.

ಅವಳಿಗೆ ಅಷ್ಟರಲ್ಲೇ ಎರಡು ಥರದ ಅಭಿಪ್ರಾಯ ಸಿಕ್ಕಿದ್ದವು. ಒಂದು ಮನೆಯವರದು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತ ಗಾದೆಯೇ ಇದೆಯಲ್ಲ. ಅಕ್ಕ ಭಾವ ಇಬ್ಬರಿಗೂ ಮಗಳ ಕರು ಕಣ್ಮಣಿ. ಇನ್ನೊಂದು, ಪರಿಚಯದ ಒಬ್ಬರದು. ಚಿತ್ರ ಬಲ್ಲವರು. ಒಂದೇ ಸಲ ನೋಡಿ, "ಇದೇನಮ್ಮ, ಕರುನೋ ನಾಯಿನೋ?" ಅಂತ ನಕ್ಕು ಫೋನು ವಾಪಸ್ಸು ಕೊಟ್ಟರಂತೆ. ಅವಳು ಎರಡು ವಾರ ಲ್ಯಾಪ್‌ಟಾಪು ತೆರೆದಿರಲಿಲ್ಲ. ನನಗೆ ಬೇಸರವಾಗಿದ್ದು ಅವರು ತಪ್ಪು ಹೇಳಿದರು ಅಂತಲ್ಲ. ಕರು ನಾಯಿಯ ಹಾಗೆ ಕಂಡಿದ್ದು ನಿಜವೇ ಇರಬಹುದು. ಮೂತಿ ಚೂಪಾಯಿತು, ಕಿವಿ ನೆತ್ತಿಗೆ ಹತ್ತಿತು, ಅದಕ್ಕೇ ನಾಯಿ ಅನ್ನಿಸುತ್ತಿದೆ ಅಂತ ಇನ್ನೆರಡು ಮಾತು ಸೇರಿಸಿದ್ದರೆ ಹುಡುಗಿಗೆ ಮರುದಿನದ ಕೆಲಸ ಸಿಗುತ್ತಿತ್ತು. ಬರೀ ನಗು ಸಿಕ್ಕಿತು.

ಮಾತಿಗೆ ಎಷ್ಟು ಬಲವಿದೆ ಅನ್ನುವುದಕ್ಕೆ ಮೈಸೂರಿನವರೇ ಆದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣರನ್ನು ನೆನೆಯಬೇಕು. 1921ರಲ್ಲಿ ಹುಟ್ಟಿದ ಆ ಹುಡುಗ ಶಾಲೆಯಲ್ಲಿ ಬರೆದ ಒಂದು ಅರಳಿ ಎಲೆಯನ್ನು ಮೇಷ್ಟರು ಮೆಚ್ಚಿದರು. ತಾನು ಚಿತ್ರಕಾರನಾಗುವವನು ಅನ್ನುವ ಭಾವನೆ ಅವರಲ್ಲಿ ಬೇರೂರಿದ್ದು ಆವತ್ತು. ಮುಂದೆ ಮುಂಬಯಿಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ, ಬೇಕಾದಷ್ಟು ಪ್ರತಿಭೆ ಇಲ್ಲ ಅಂತ ತಿರಸ್ಕಾರದ ಉತ್ತರ ಬಂತು. ಮೇಷ್ಟರ ಮೆಚ್ಚುಗೆ ಮೊದಲೇ ಮನಸ್ಸಿನಲ್ಲಿ ಕೂತಿತ್ತಲ್ಲ, ತಿರಸ್ಕಾರ ಅವರನ್ನು ಅಲುಗಾಡಿಸಲಿಲ್ಲ. ಆ ಮೆಚ್ಚುಗೆ ಒಂದು ನಿರ್ದಿಷ್ಟ ಎಲೆಯ ಬಗ್ಗೆ ಇತ್ತು ಅನ್ನುವುದನ್ನೂ ಗಮನಿಸಿ. ಅದೇ ಲಕ್ಷ್ಮಣರು ಜೀವನವಿಡೀ ಬಿಡದೆ ಬರೆದ ಹಕ್ಕಿ ಕಾಗೆ. ಎಲ್ಲರೂ ಅಟ್ಟಿ ಓಡಿಸುವ ಕಾಗೆಯನ್ನು ಅವರು ನೋಡುತ್ತಾ ಕೂತರು. ಆ ಕಾಗೆಗಳು ಕತ್ತು ಕೊಂಕಿಸಿ ನೋಡುವ ಬಗೆಯಲ್ಲೇ ಅವುಗಳ ಸ್ವಭಾವ ತಿಳಿಯುತ್ತದೆ.

ಮರುದಿನ ಬೆಳಿಗ್ಗೆ ನಮ್ಮವ್ವ ಹಾಲು ಕರೆದು ಕೊಟ್ಟಿಗೆಯಿಂದ ಬಂದು ಕೈ ಒರೆಸಿಕೊಳ್ಳುತ್ತಿದ್ದಳು. ಹುಡುಗಿ ಲ್ಯಾಪ್‌ಟಾಪನ್ನು ಅಜ್ಜಿಯ ಮುಂದೆ ಹಿಡಿದಳು. ಅವ್ವ ಸಿನಿಮಾ ನೋಡುವುದೇ ಅಪರೂಪ. ಒಂದು ಸಲ ನೋಡಿದಳು. ಇನ್ನೊಂದು ಸಲ ನೋಡಿದಳು. ಮೂರನೇ ಸಲಕ್ಕೆ ಬಗ್ಗಿ ಹತ್ತಿರದಿಂದ ನೋಡಿ ಅಂದಳು:

"ಚೆಂದಾಗದೆ ಕಣ್ ಮಗ. ಆದ್ರೆ ಇದ್ಯಾಕೆ ಕುದ್ರೆ ಎದ್ದಂಗೆ ಎದ್ದದೆ? ಕರ ಎಲ್ಲಾರಾ ಮುಂದ್ಗಾಲು ಊರ್ಕೊಂಡು ಎದ್ದದಾ? ಮೊದ್ಲು ಹಿಂದ್ಲು ಎತ್ತದೆ. ಬಾ ಇಲ್ಲಿ, ತೋರುಸ್ತೀನಿ."

ಕೊಟ್ಟಿಗೆಗೆ ಹೋದೆವು. ಕಣ್ಣಿಯಲ್ಲಿ ಕಟ್ಟಿದ್ದ ಹಳ್ಳಿಕಾರ್ ಕರು ಮಲಗಿತ್ತು. ಅವ್ವ ನಾಲಿಗೆಯಿಂದ ಲೊಚಗುಟ್ಟಿದಳು. ಮೊದಲು ತಿರುಗಿದ್ದು ಒಂದು ಕಿವಿ. ಆಮೇಲೆ ಇನ್ನೊಂದು. ಆಮೇಲೆ ಮುಖ. ಏಳಬೇಕು ಅನ್ನಿಸಿದಾಗ ಕರು ಕತ್ತನ್ನು ಮುಂದಕ್ಕೆ ಚಾಚಿ ಮೈಭಾರವನ್ನೆಲ್ಲ ಮುಂದೆ ತಂದಿತು. ಮುಂಗಾಲಿನ ಮಂಡಿಯೂರಿ ಹಿಂಭಾಗವನ್ನು ಮೇಲೆತ್ತಿತು. ಒಂದು ಕ್ಷಣ ಹಿಂದೆ ಎತ್ತರ, ಮುಂದೆ ತಗ್ಗು. ದೇವರಿಗೆ ಮಂಡಿಯೂರಿದವರ ಹಾಗೆ. ಆಮೇಲೆ ಒಂದು ಮುಂಗಾಲು, ಮತ್ತೊಂದು. ನಿಂತ ಮೇಲೆ ನೀಳವಾಗಿ ಮೈಮುರಿದು, ಬಾಲ ಕೊಡವಿತು. ಕುದುರೆಯದು ಇದಕ್ಕೆ ತಿರುಗುಮುರುಗು: ಮುಂಗಾಲು ಚಾಚಿ ಎದೆ ಎತ್ತಿ, ಕೊನೆಗೆ ಹಿಂಭಾಗ. ನಾನು ಹುಟ್ಟಿದ ಲಾಗಾಯ್ತು ದನ ಏಳುವುದನ್ನು ನೋಡಿದ್ದೇನೆ. ಅವ್ವ ಬಾಯಿ ಬಿಟ್ಟು ಹೇಳುವವರೆಗೆ ಅದು ನನಗೆ ಕಂಡಿರಲಿಲ್ಲ.

ಹುಡುಗಿ ಮಾತಾಡದೆ ಫೋನಿನಲ್ಲಿ ಅದನ್ನು ಐದಾರು ಸಲ ಚಿತ್ರೀಕರಿಸಿಕೊಂಡಳು. ಆಮೇಲೆ, "ಇದೇ ಮಾವ, ಇದೇ ಸರಿಯಿರಲಿಲ್ಲ" ಅಂದಳು.

ಆನಿಮೇಷನ್ ಕಲಿಯುವವರಿಗೆ ಪಾಠದಲ್ಲಿ ಬರುವ ಕೆಲವು ತತ್ವಗಳಿವೆ. ಡಿಸ್ನಿ ಸಂಸ್ಥೆಯ ಹಿರಿಯ ಕಲಾವಿದರಾದ ಫ್ರಾಂಕ್ ಥಾಮಸ್ ಮತ್ತು ಆಲಿ ಜಾನ್‌ಸ್ಟನ್ 1981ರಲ್ಲಿ ತಂದ 'ದಿ ಇಲ್ಯೂಷನ್ ಆಫ್ ಲೈಫ್' ಪುಸ್ತಕದಲ್ಲಿ ಅಂಥ 12 ತತ್ವಗಳನ್ನು ಕೊಟ್ಟರು. ಒಂದು, ಯಾವುದೇ ಚಲನೆಗೆ ಮುಂಚೆ ಅದರ ಸಿದ್ಧತೆ ಕಾಣಬೇಕು. ಇನ್ನೊಂದು, ಮೈಯ ಎಲ್ಲ ಭಾಗ ಒಟ್ಟಿಗೆ ಹೊರಟು ಒಟ್ಟಿಗೆ ನಿಲ್ಲಬಾರದು. ಒಂದು ಮುಂದೆ, ಒಂದು ಹಿಂದೆ. ಅವ್ವನಿಗೆ ಈ ತತ್ವಗಳ ಹೆಸರು ಗೊತ್ತಿಲ್ಲ. ಕತ್ತು ಚಾಚಿ ಏಳುವುದು ಮೊದಲನೆಯದು. ಕಿವಿ ತಿರುಗಿ ಆಮೇಲೆ ಮುಖ ತಿರುಗುವುದು, ನಿಂತ ಮೇಲೂ ಬಾಲ ಆಡುವುದು ಎರಡನೆಯದು. ಪುಸ್ತಕ ಓದಿದ ಹುಡುಗಿಗೆ ತತ್ವ ಗೊತ್ತಿತ್ತು. ಕರು ಬಲ್ಲ ಅಜ್ಜಿಗೆ ಅದು ಎಲ್ಲಿದೆ ಅಂತ ಗೊತ್ತಿತ್ತು.

ಇದು ಬರೀ ನಮ್ಮ ಹಟ್ಟಿಯ ಮಾತಲ್ಲ. 1942ರಲ್ಲಿ ತೆರೆಕಂಡ 'ಬ್ಯಾಂಬಿ' ಚಿತ್ರಕ್ಕಾಗಿ ಅಮೆರಿಕದ ಮೇಯ್ನ್ ರಾಜ್ಯದಿಂದ ಎರಡು ಜಿಂಕೆಮರಿಗಳನ್ನು ಡಿಸ್ನಿ ಸ್ಟುಡಿಯೋಗೆ ತರಿಸಿದ್ದರು. ಮೂಳೆ, ಕೀಲು, ಸ್ನಾಯುಗಳ ಪಾಠ ಹೇಳಲು ರಿಕೊ ಲೆಬ್ರನ್ ಎಂಬ ಕಲಾವಿದರು ಬರುತ್ತಿದ್ದರು. ಮಿಕ್ಕಿಯಂಥ ಇಲಿಯನ್ನು ಆಡಿಸಿ ಪಳಗಿದ ಕೈಗಳು ಜಿಂಕೆಯ ಮುಂದೆ ಮತ್ತೆ ವಿದ್ಯಾರ್ಥಿಗಳಾಗಿ ಕೂತವು.

ಅಷ್ಟೊಂದು ನಿಜ ಕಾರ್ಟೂನಿಗೆ ಯಾಕೆ ಬೇಕು ಅಂತ ನೀವು ಕೇಳಬಹುದು. ದೊಡ್ಡ ಕಣ್ಣಿನ ಕರು ನಿಜದ ಕರುವೇನೂ ಅಲ್ಲವಲ್ಲ. ಹಳೇಬೀಡಿನ ಗೋಡೆಯ ಮಕರವನ್ನು ಒಮ್ಮೆ ನೆನಪಿಸಿಕೊಳ್ಳಿ. ಮೊಸಳೆಯ ಬಾಯಿ, ಆನೆಯ ಸೊಂಡಿಲು, ಹಿಂದೆ ಬಳ್ಳಿಯಾಗಿ ಸುರುಳಿ ಬಿಚ್ಚುವ ಬಾಲ. ಅಂಥ ಪ್ರಾಣಿ ಭೂಮಿಯ ಮೇಲೆ ಎಂದೂ ಇರಲಿಲ್ಲ. ಆದರೂ ಅದರ ಮುಂದೆ ನಿಂತಾಗ ಇರಬಹುದು ಅನ್ನಿಸುತ್ತದೆ. ಬಾಯಿ ಕೆತ್ತಿದ ಶಿಲ್ಪಿಗೆ ಮೊಸಳೆ ಗೊತ್ತಿತ್ತು, ಸೊಂಡಿಲು ಕೆತ್ತಿದವನಿಗೆ ಆನೆ ಗೊತ್ತಿತ್ತು. ಅದೇ ಗೋಡೆಯ ಕೆಳಗಿನ ಸಾಲಿನಲ್ಲಿ ಆನೆಗಳನ್ನು ಕೆತ್ತಿ ಪಳಗಿದ ಕೈಗಳು ಅವು. ಕಣ್ಣು ಎಷ್ಟು ಬೇಕಾದರೂ ದೊಡ್ಡದಾಗಲಿ. ಕಾಲು ಮಡಚುವ ಜಾಗ ತಪ್ಪಿದರೆ ನೋಡುವವರ ಮನಸ್ಸು ಒಪ್ಪುವುದಿಲ್ಲ.

ಮಕರದ ಹಾಗೆ ಯಾರೂ ಕಂಡಿರದ ಪ್ರಾಣಿಗೆ ಜೀವ ಕೊಟ್ಟವರು ಕಾರ್ಟೂನಿನಲ್ಲೂ ಇದ್ದಾರೆ. ವಿನ್ಸರ್ ಮೆಕೆ ಎಂಬ ಅಮೆರಿಕದ ಚಿತ್ರಕಾರ 1914ರಲ್ಲಿ 'ಗರ್ಟೀ' ಎಂಬ ಡೈನೋಸಾರನ್ನು ಪರದೆಗೆ ತಂದ. ಸ್ವಭಾವ ಅಂತ ಒಂದನ್ನು ಹೊತ್ತು ಬಂದ ಮೊದಮೊದಲ ಕಾರ್ಟೂನ್ ಪ್ರಾಣಿ ಅದು. ಮೆಕೆ ರಂಗದ ಮೇಲೆ ನಿಂತು ಕೂಗಿದರೆ ಪರದೆಯ ಮೇಲಿನ ಗರ್ಟೀ ಬಗ್ಗುವುದು, ಕಾಲೆತ್ತುವುದು, ಗದರಿದರೆ ಅಳುವುದು. ಡೈನೋಸಾರು ಉಸಿರಾಡುವುದನ್ನು ಕಂಡವರು ಯಾರಿದ್ದಾರೆ? ಅದಕ್ಕೆ ಮೆಕೆ ತನ್ನ ಉಸಿರನ್ನೇ ಗಡಿಯಾರ ಹಿಡಿದು ಅಳೆದು ಆ ಲೆಕ್ಕದಲ್ಲಿ ಗರ್ಟೀಯ ಹೊಟ್ಟೆ ಉಬ್ಬಿಸಿ ಇಳಿಸಿದ. ಡೈನೋಸಾರು ಹಾಗೆ ಏಳುವುದಿಲ್ಲ ಅಂತ ಹೇಳುವ ಅಜ್ಜಿ ಅವನಿಗೆ ಎಲ್ಲೂ ಸಿಗುತ್ತಿರಲಿಲ್ಲ. ಕರು ಬರೆಯುವವರ ಭಾಗ್ಯವೇ ಬೇರೆ. ನಮ್ಮ ನಾಡಿನಲ್ಲಿ ಕರುವಿನ ಪರೀಕ್ಷಕರು ಬೀದಿಗೆ ನಾಲ್ಕು ಜನ ಇದ್ದಾರೆ.

ಅಜ್ಜಿಯ ಮಾತು ಸಿಕ್ಕಿತು, ಸರಿ. ಆದರೆ ಅದು ತಡವಾಗಿ ಸಿಕ್ಕಿತ್ತು. ಹುಡುಗಿ ಅಷ್ಟರಲ್ಲಿ ಎಲ್ಲ ಚಿತ್ರಕ್ಕೂ ಬಣ್ಣ ತುಂಬಿ, ಗೆಜ್ಜೆಗೆ ಹೊಳಪು ಕೊಟ್ಟು, ಕಿವಿಯೊಳಗಿನ ಕೂದಲನ್ನೂ ಎಳೆಎಳೆಯಾಗಿ ಬರೆದಿದ್ದಳು. ಅದನ್ನೆಲ್ಲ ಅಳಿಸಬೇಕು ಅಂದಾಗ ಅವಳ ಕಣ್ಣು ತುಂಬಿತು. ಸಿನಿಮಾದ ಲೆಕ್ಕದಲ್ಲಿ ಒಂದು ಸೆಕೆಂಡಿಗೆ 24 ಚೌಕಟ್ಟು. ಒಂದೊಂದು ಚಿತ್ರವನ್ನು ಎರಡು ಚೌಕಟ್ಟಿಗೆ ನಿಲ್ಲಿಸಿದರೂ ಸೆಕೆಂಡಿಗೆ 12 ಚಿತ್ರ ಬರೆಯಬೇಕು. ನಾಲ್ಕು ಸೆಕೆಂಡಿಗೆ 48.

ಈ ಕಷ್ಟವನ್ನು ಡಿಸ್ನಿಯವರು 1930ರ ದಶಕದಲ್ಲೇ ಕಂಡುಕೊಂಡಿದ್ದರು. ಹೈಪೀರಿಯನ್ ಅವೆನ್ಯೂದ ಅವರ ಹಳೆಯ ಸ್ಟುಡಿಯೋದಲ್ಲಿ ಗಾಳಿಯಾಡದ ಒಂದು ಕಿಷ್ಕಿಂಧೆ ಕೋಣೆ ಇತ್ತು. ಅದರ ಹೆಸರು 'ಸ್ವೆಟ್‌ಬಾಕ್ಸ್', ಅಂದರೆ ಬೆವರುಪೆಟ್ಟಿಗೆ. ಇನ್ನೂ ಶಾಯಿ, ಬಣ್ಣ ಕಾಣದ ಬರೀ ಪೆನ್ಸಿಲ್ ಗೆರೆಯ ಚಿತ್ರಗಳನ್ನು ಅಲ್ಲಿ ಓಡಿಸಿ ನೋಡುತ್ತಿದ್ದರು. ಸೆಖೆಗೂ ಬೆವರು, ಪಕ್ಕದಲ್ಲಿ ವಾಲ್ಟ್ ಡಿಸ್ನಿ ಕೂತಿದ್ದಾರೆ ಅನ್ನುವುದಕ್ಕೂ ಬೆವರು. ಪೆನ್ಸಿಲ್ ಗೆರೆ ಅಳಿಸಿದರೆ ಹೋಗುವುದು ಒಂದು ದಿನದ ಕೆಲಸ. ಬಣ್ಣ ತುಂಬಿದ ಮೇಲೆ ಅಳಿಸಿದರೆ ಹೋಗುವುದು ಒಂದು ತಿಂಗಳದು. ಹಾಗಾಗಿ ಕಲಿಯುವ ಮಕ್ಕಳಿಗೆ ನನ್ನ ಮೊದಲ ಮಾತು: ಅರ್ಧದಲ್ಲೇ ತೋರಿಸಿ. ಹಸಿ ಗೋಡೆಗೆ ಕೈ ಆಡಿಸಿದರೆ ಸರಿಹೋಗುತ್ತದೆ, ಒಣಗಿದ ಮೇಲೆ ಕೆಡವಬೇಕಾಗುತ್ತದೆ.

ಎರಡನೆಯ ಮಾತು ಕೂದಲಿನ ಬಗ್ಗೆ. ಟಾಮ್ ಅಂಡ್ ಜೆರ್ರಿಯ ಟಾಮ್ ನಿಮಗೆಲ್ಲ ಗೊತ್ತು. 1940ರ ಮೊದಲ ಚಿತ್ರದಲ್ಲಿ ಆ ಬೆಕ್ಕಿನ ಹೆಸರು ಜ್ಯಾಸ್ಪರ್. ಮೈತುಂಬ ಕೆದರಿದ ಕೂದಲು, ಮುಖದಲ್ಲಿ ಬೇಕಾದಷ್ಟು ಸುಕ್ಕು. ಪ್ರತಿ ಚಿತ್ರದಲ್ಲೂ ಆ ಕೂದಲನ್ನೆಲ್ಲ ಬರೆಯಬೇಕಲ್ಲ? ವರ್ಷ ಕಳೆದ ಹಾಗೆ ಅದು ಕಡಿಮೆಯಾಗಿ, ಗೆರೆ ನುಣುಪಾಗಿ, ಈಗ ನಾವು ಕಾಣುವ ಟಾಮ್ ಆಯಿತು. ಗೆರೆ ಕಡಿಮೆಯಾದಷ್ಟೂ ಆಟ ಹೆಚ್ಚಾಯಿತು. ಇನ್ನೊಂದು ಸಂಗತಿಯೂ ಇದೆ. ಆ ಬೆಕ್ಕು ಇಲಿಯ ಜೋಡಿಯನ್ನು ಮುಂದುವರಿಸುವ ಮನಸ್ಸು ನಿರ್ಮಾಪಕರಿಗೆ ಇರಲಿಲ್ಲ. ಟೆಕ್ಸಾಸ್‌ನ ಚಿತ್ರಮಂದಿರ ವ್ಯವಹಾರದಲ್ಲಿದ್ದ ಮಹಿಳೆಯೊಬ್ಬರು, ಅಂಥ ಚಿತ್ರ ಇನ್ನೂ ಬರುತ್ತದೆಯೇ ಅಂತ ಕಾಗದ ಬರೆದು ಕೇಳಿದರು. ಆಗ ಮನಸ್ಸು ಬದಲಾಯಿತು. ನೋಡಿದವರು ಬಾಯಿ ಬಿಡದಿದ್ದರೆ ಟಾಮ್ ಮತ್ತು ಜೆರ್ರಿ ಒಂದೇ ಚಿತ್ರಕ್ಕೆ ಮುಗಿಯುತ್ತಿದ್ದರೋ ಏನೋ.

ಕರು ನಾಯಿಯ ಹಾಗೆ ಕಾಣುವ ತೊಂದರೆ ಉಳಿದಿತ್ತಲ್ಲ, ಅದಕ್ಕೆ ಮದ್ದು ನನ್ನ ಬಾಲ್ಯದಲ್ಲೇ ಇತ್ತು. ಕರೆಂಟು ಹೋದ ರಾತ್ರಿಗಳಲ್ಲಿ ಸೀಮೆಎಣ್ಣೆ ಬುಡ್ಡಿಯ ಮುಂದೆ ಕೈಬೆರಳು ಹೆಣೆದು ಗೋಡೆಯ ಮೇಲೆ ಜಿಂಕೆ, ನಾಯಿ, ಹಕ್ಕಿ ಮಾಡುತ್ತಿದ್ದೆವು. ಕಣ್ಣಿಲ್ಲ, ಬಣ್ಣವಿಲ್ಲ, ಬರೀ ನೆರಳು. ಆದರೂ ಜಿಂಕೆಯನ್ನು ಯಾರೂ ನಾಯಿ ಅನ್ನುತ್ತಿರಲಿಲ್ಲ. ನಮ್ಮ ತೊಗಲುಗೊಂಬೆಯವರೂ ಪಕ್ಕದಿಂದ ಕಾಣುವ ಹೊರಗೆರೆಯಲ್ಲೇ ಪ್ರಾಣಿಯ ಗುರುತು ಹಿಡಿದಿಡುತ್ತಾರೆ. ಪರದೆಯ ಈಚೆ ಕೂತ ಊರಿನವರ ನಗು, ನಿಶ್ಶಬ್ದ ಆ ಗಳಿಗೆಯಲ್ಲೇ ಅವರ ಕಿವಿಗೆ ಬೀಳುತ್ತದೆ. ಹುಡುಗಿಗೆ ಕರುವನ್ನು ಪೂರ್ತಿ ಕಪ್ಪಾಗಿ ತುಂಬಿ ನೋಡು ಅಂದೆ. ತುಂಬಿದಳು. ನಾಯಿಯೇ! ಕಿವಿಯನ್ನು ನೆತ್ತಿಯಿಂದ ಇಳಿಸಿ ಪಕ್ಕಕ್ಕೆ ಅಡ್ಡ ಚಾಚಿದಳು, ಮೂತಿ ಅಗಲಿಸಿ ಮೊಂಡು ಮಾಡಿದಳು, ಕೊರಳ ಕೆಳಗೆ ಗಂಗೆದೊಗಲಿನ ಸಣ್ಣ ಬಾಗು ಎಳೆದಳು. ಕಪ್ಪಿನೊಳಗಿಂದ ಕರು ಹೊರಬಂತು. ಇದು ಆನಿಮೇಷನ್ ಕಲಿಸುವವರು ದಿನವೂ ಮಾಡಿಸುವ ಪರೀಕ್ಷೆಯೇ.

ನಮ್ಮ ದೇಶದ ಆನಿಮೇಷನ್ನಿನ ಮೊದಲ ಹೆಜ್ಜೆಗಳಲ್ಲೂ ಒಂದು ಪ್ರಾಣಿಯಿದೆ, ಒಬ್ಬ ಗುರು ಇದ್ದಾರೆ. 1956ರಲ್ಲಿ ಡಿಸ್ನಿಯ ಕ್ಲೇರ್ ವೀಕ್ಸ್ ಮುಂಬಯಿಯ ಫಿಲಂಸ್ ಡಿವಿಜನ್‌ಗೆ ಬಂದು ಇಲ್ಲಿನ ತರುಣರಿಗೆ ಕಲಿಸಿದರು. ಅವರ ಮಾರ್ಗದರ್ಶನದಲ್ಲಿ 1957ರಲ್ಲಿ ತಯಾರಾದದ್ದು ಜಾತಕ ಕತೆಯ 'ದಿ ಬನ್ಯನ್ ಡೀರ್', ಆಲದ ಜಿಂಕೆ. ಅಲ್ಲಿ ಪಳಗಿದ ರಾಮ್ ಮೋಹನ್ ಮುಂದೆ ಭಾರತೀಯ ಆನಿಮೇಷನ್ನಿನ ಹಿರಿಯರಾದರು, ಇನ್ನೆಷ್ಟೋ ಜನರಿಗೆ ಗುರುವಾದರು. ಹೆಗಲ ಮೇಲಿಂದ ಬಗ್ಗಿ ನೋಡಿ, ಇಲ್ಲಿ ತಪ್ಪಿದೆ ಅಂತ ಬೆರಳಿಟ್ಟು ತೋರಿಸುವವರು ಒಬ್ಬರು ಇದ್ದರು. ವಿದ್ಯೆ ಹಾಗೆ ಕೈಯಿಂದ ಕೈಗೆ ದಾಟಿತು.

ಹಾಗಂತ ಹೇಳಿದ್ದನ್ನೆಲ್ಲ ಕೇಳಬೇಕೆ? ಬೇಡ. ಪಿಕ್ಸಾರ್ ಸ್ಟುಡಿಯೋದಲ್ಲಿ ನಿರ್ದೇಶಕರೆಲ್ಲ ಸೇರಿ ಒಬ್ಬರ ಅರೆಬೆಂದ ಚಿತ್ರ ನೋಡಿ ಮುಚ್ಚುಮರೆಯಿಲ್ಲದೆ ಮಾತಾಡುವ ಪದ್ಧತಿಯಿದೆ. ಆದರೆ ಯಾವುದನ್ನು ಒಪ್ಪಬೇಕು ಅನ್ನುವುದು ಆ ಚಿತ್ರದ ನಿರ್ದೇಶಕರಿಗೇ ಬಿಟ್ಟದ್ದು. ಡಿಸ್ನಿಯ 'ಝೂಟೋಪಿಯಾ' 2016ರಲ್ಲಿ ಬಂತು. ಬಹಳ ಕಾಲ ಅದರ ಕತೆ ನಿಕ್ ಎಂಬ ನರಿಯದಾಗಿತ್ತು. ಒಳಗಿನವರ ಪ್ರದರ್ಶನದಲ್ಲಿ ನೋಡಿದವರಿಗೆ ಆ ಊರಿನ ಮೇಲೆ ಪ್ರೀತಿಯೇ ಹುಟ್ಟಲಿಲ್ಲ. ಆಗ ತಯಾರಕರು ಕತೆಯನ್ನು ಜೂಡಿ ಎಂಬ ಮೊಲದ ಕಣ್ಣಿಗೆ ತಿರುಗಿಸಿದರು. ಪ್ರೀತಿ ಹುಟ್ಟುತ್ತಿಲ್ಲ ಅಂತ ಹೇಳಿದ್ದು ನೋಡಿದವರು. ಮೊಲವನ್ನು ಮುಂದೆ ತಂದಿದ್ದು ಮಾಡಿದವರು. ಹೊಟ್ಟೆ ನೋವು ಅಂತ ಹೇಳುವುದು ರೋಗಿಯ ಕೆಲಸ, ಔಷಧ ಬರೆಯುವುದು ವೈದ್ಯರದು.

ನಮ್ಮ ಹುಡುಗಿಗೂ ಒಂದು ಕತೆಯಿತ್ತು. ಕನ್ನಡದ ಮಕ್ಕಳಿಗೆಲ್ಲ ಗೊತ್ತಿರುವ ಪುಣ್ಯಕೋಟಿಯದು. ಅದನ್ನು ಆಧರಿಸಿ ಬೆಂಗಳೂರಿನ ರವಿಶಂಕರ್ ಅವರು ಸಂಸ್ಕೃತದಲ್ಲಿ ಮಾಡಿದ ಆನಿಮೇಷನ್ ಚಿತ್ರ 2020ರಲ್ಲಿ ಬಂದಿದ್ದನ್ನು ಅವಳು ನೋಡಿದ್ದಳು. "ಎಲ್ಲರೂ ಹಸು, ಹುಲಿ ಅಂತಾರೆ ಮಾವ. ಕರು ಆ ಹೊತ್ತಿಡೀ ಕಾಯ್ತಾ ಇರುತ್ತಲ್ಲ, ಅದಕ್ಕೆ ಏನನ್ನಿಸ್ತಿರುತ್ತೆ? ನಂಗೆ ಅದು ಬೇಕು" ಅಂದಳು. ಆಗ ನನಗೆ ಹೊಳೆಯಿತು. ಅವಳ ಕರು ಬರೀ ಏಳುತ್ತಿಲ್ಲ; ಅಮ್ಮನ ದನಿ ಕೇಳಿ ಏಳುತ್ತಿದೆ. ಹಾಗಾದರೆ 'ಹೇಗಿದೆ?' ಅಂತ ಕೇಳುವುದೇ ತಪ್ಪು. 'ಇದು ಏನು ಮಾಡುತ್ತಿದೆ? ಯಾಕೆ ಎದ್ದಿತು?' ಅಂತ ಕೇಳಬೇಕು. ನೋಡಿದವರು ತಾವಾಗಿ ಸರಿಯುತ್ತರ ಹೇಳಿದರೆ ಪಾತ್ರಕ್ಕೆ ಜೀವ ಬಂದಿದೆ ಅಂತ ಅರ್ಥ. ಹೇಳದಿದ್ದರೆ ಎಷ್ಟೇ ಹೊಗಳಿದರೂ ಕೆಲಸ ಬಾಕಿಯಿದೆ.

ರಜೆ ಮುಗಿಯುವ ಹಿಂದಿನ ದಿನ ಅವಳು ಮತ್ತೆ ಲ್ಯಾಪ್‌ಟಾಪು ತಂದಳು. ಬಣ್ಣವಿಲ್ಲ, ಗೆಜ್ಜೆಯಿಲ್ಲ, ಬರೀ ಗೆರೆ. ಮಲಗಿದ ಕರುವಿನ ಹೊಟ್ಟೆ ಮೆಲ್ಲಗೆ ಏರಿ ಇಳಿಯಿತು. ಎಡಗಿವಿ ತಿರುಗಿತು. ತಡೆದು, ಬಲಗಿವಿ. ಮುಖ ಎತ್ತಿತು. ಕತ್ತು ಚಾಚಿ, ಮಂಡಿಯೂರಿ, ಹಿಂದ್ಲು ಎತ್ತಿ, ಒಂದು ಚೂರು ತೂರಾಡಿ ನಿಂತಿತು. ಅವಳು 'ಹೇಗಿದೆ' ಅನ್ನಲಿಲ್ಲ. "ಅಜ್ಜಿ, ಇದು ಏನು ಮಾಡ್ತಿದೆ ಹೇಳು" ಅಂದಳು.

"ಇನ್ನೇನ್ ಮಾಡ್ತದೆ? ಅವ್ವ ಬಂದ್ಲು ಅಂತ ಎದ್ದದೆ. ಹಾಲು ಕುಡಿಯಾಕೆ" ಅಂದಳು ಅವ್ವ. ಚಿತ್ರದಲ್ಲಿ ತಾಯಿ ಹಸುವೇ ಇರಲಿಲ್ಲ.

ನಿಮ್ಮ ಮನೆಯಲ್ಲೂ ಒಂದು ಮಗು ಇಂಥದ್ದೊಂದು ಕರು, ಅಳಿಲು, ಮಂಗವನ್ನು ಹಿಡಿದು ಪಕ್ಕಕ್ಕೆ ಬಂದು ಕೂರಬಹುದು. ಕೈಲಿರುವ ಕೆಲಸ ಬದಿಗಿಟ್ಟು ಮೂರು ಸಲ ನೋಡಿ. ಕಂಡದ್ದರಲ್ಲಿ ಇಷ್ಟವಾದದ್ದು ಒಂದು, ಒಪ್ಪದ್ದು ಒಂದು, ಇಂಥ ಕಡೆ ಅಂತ ಬೆರಳಿಟ್ಟು ಹೇಳಿ. ಆ ನಾಲ್ಕು ಸೆಕೆಂಡಿಗಾಗಿ ಅದು 48 ಚಿತ್ರ ಬರೆದಿರುತ್ತದೆ.